ದಿನವೂ ಹೊಸಬರು

ನಾವು ತಯಾರಿಸುವ ವಿಡಿಯೋ ಗೇಮ್ ಪರೀಕ್ಷಿಸಲು ಬರುವ ಹೊಸಬ ಒಂದೇ ಸಲ ಹೊಸಬ. ಮರುದಿನಕ್ಕೆ ಕೊನೆಯ ರಾಕ್ಷಸನ ಪಟ್ಟುಗಳೆಲ್ಲ ಅವನಿಗೆ ಗೊತ್ತಿರುತ್ತವೆ. ಅದಕ್ಕೇ ನಾನು ಅಪ್ಪನನ್ನು ಆಫೀಸಿಗೆ ಕರೆತರತೊಡಗಿದೆ. ಮರೆವಿನ ಕಾಯಿಲೆಯ ಅಪ್ಪ ದಿನವೂ ಹೊಸಬರು.

“ಯಾರಿವನು?” ಎಂದು ಪ್ರತಿ ಬೆಳಿಗ್ಗೆ ತೆರೆಯ ಮೇಲಿನ ರಾಕ್ಷಸನನ್ನು ತೋರಿಸಿ ಕೇಳುತ್ತಿದ್ದರು. ಆಟದಲ್ಲಿ ಅವನ ಗದೆ ಬಿದ್ದು ಸಾಯುತ್ತಿದ್ದರು. “ಹೇಳದೆ ಕೇಳದೆ ಹೊಡೀತಾನೆ. ಇದೆಂಥಾ ನ್ಯಾಯ?” ಎಂದು ಕಂಟ್ರೋಲರನ್ನು ಕರ್ಚೀಫಿನಲ್ಲಿ ಒರೆಸಿ ಕೆಳಗಿಡುತ್ತಿದ್ದರು.

ಮಾತು ಸರಿಯೇ ಇತ್ತು. ಗದೆ ಬೀಳುವ ಜಾಗ ಮೊದಲೇ ಕೆಂಪಾಗುವಂತೆ ಮಾಡಿದೆ. ಅಪ್ಪ ಆ ಕೆಂಪಿನ ಮೇಲೇ ನಿಂತು ಸತ್ತರು. ಏಟಿಗೆ ಮುಂಚೆ ಗಂಟೆ ಬಾರಿಸುವಂತೆ ಮಾಡಿದೆ. “ಪೂಜೆ ಶುರುವಾಯ್ತಾ?” ಎಂದು ನನ್ನತ್ತ ತಿರುಗುವಷ್ಟರಲ್ಲಿ ಸತ್ತರು.

“ಅಂಕಲ್ ಆಟ ಕಲ್ತುಬಿಟ್ರೆ ಹೇಳಿ, ಬೇರೆಯವ್ರನ್ನ ಕರೆಸೋಣ,” ಎಂದ ಸಹೋದ್ಯೋಗಿ. ಕಲಿಯಲಿ ಎಂದೇ ನಾನು ಕಾಯುತ್ತಿರುವುದನ್ನು ಅವನಿಗೆ ಹೇಳಲಿಲ್ಲ.

ಇವತ್ತು ಗಂಟೆ ಬಾರಿಸುವ ಮೊದಲೇ ಅಪ್ಪ ಪಕ್ಕಕ್ಕೆ ಹಾರಿದರು. ಮತ್ತೆ ಹಾರಿದರು. ಕೊನೆಗೆ ರಾಕ್ಷಸನೇ ಉರುಳಿದ.

“ಅಪ್ಪಾ! ಇವನು ನೆನಪಿದ್ದಾನಾ?”

“ಮರೆಯೋಕಾಗುತ್ತಾ? ದಿನಾ ಇವನ ಕೈಲಿ ಏಟು ತಿಂದಿದ್ದೀನಿ!”

ನನ್ನ ಕಣ್ಣು ಮಂಜಾಯಿತು. ಹೊಸದೇನೂ ಇನ್ನು ನೆನಪಲ್ಲಿ ಉಳಿಯುವುದಿಲ್ಲ ಎಂದಿದ್ದ ಡಾಕ್ಟರಿಗೇನು ಗೊತ್ತು ಎಂದುಕೊಂಡೆ.

ಅಪ್ಪ ಕಂಟ್ರೋಲರನ್ನು ಒರೆಸಿ, ನಗುತ್ತಾ ನನ್ನ ಕೈಗಿತ್ತರು.

“ಆಟ ಚೆನ್ನಾಗಿ ಮಾಡಿದ್ದೀರಮ್ಮ. ನನ್ನ ಮಗಳೂ ಇಂಥದ್ದೇ ಕೆಲಸ ಮಾಡೋದು, ಯಾವತ್ತಾದ್ರೂ ಕರ್ಕೊಂಡು ಬರ್ತೀನಿ.”