ಆಯಿ ಉಣ್ಣದ ಸಂಜೆ

ಮಹಾಂತೇಶ ನಗರದ ನನ್ನ ಅಡುಗೆಮನೆಯಲ್ಲಿ ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗಲೆಲ್ಲ ಬಾಲ್ಯದಲ್ಲಿ ಖಾನಾಪುರದ ನಮ್ಮ ಮನೆಯಲ್ಲಿ ಕಳೆದ ಒಂದು ಇಳಿಹೊತ್ತು ನನಗೆ ನೆನಪಾಗುತ್ತದೆ.

ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ನಮ್ಮ ಜೈನ ಮನೆತನದ ನೇಮದಂತೆ ಸೂರ್ಯ ಮುಳುಗಿದ ಬಳಿಕ ಆಕೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅತಿಥಿಗಳು ಉಂಡೇಳುವ ಮೊದಲು ತಾನು ಊಟಕ್ಕೆ ಕೂಡುತ್ತಲೂ ಇರಲಿಲ್ಲ. ಅಂದು ಉದ್ಯಮಬಾಗದ ಕಾರ್ಖಾನೆಯಲ್ಲಿ ಅಪ್ಪನೊಡನೆ ದುಡಿಯುತ್ತಿದ್ದ ಗೆಳೆಯರೊಬ್ಬರು ಹೊಸದಾಗಿ ಮದುವೆಯಾದ ತಮ್ಮ ಹೆಂಡತಿಯೊಂದಿಗೆ ಮಧ್ಯಾಹ್ನದ ಊಟಕ್ಕೆ ಬರಬೇಕಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತದ್ದರಿಂದ ಅವರು ತಲುಪಿದ್ದು ಸಂಜೆ ಐದಕ್ಕೆ.

ಆಯಿ ಹಂಚಿನ ಮುಂದೆ ಕುಳಿತು, ಒಂದೊಂದೇ ಹೋಳಿಗೆಯನ್ನು ಬೇಯಿಸಿ ಬಿಸಿಬಿಸಿಯಾಗಿ ಬಡಿಸಿದಳು. ನಾನು ಹೊಸ್ತಿಲ ಮೇಲೆ ಕಿರಿದಾಗುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದೆ.

"ನೀವೂ ಕುಂದರ್ರಿ, ಅಮ್ಮಾರ," ಎಂದಳು ಆ ಹೊಸ ಮದುವಣಗಿತ್ತಿ, ಸಂಕೋಚದಿಂದ.

"ನಂದು ಆಗೇತಿ ಯವ್ವಾ, ನೀ ಸಾವಕಾಶ ಉಣ್ಣು."

"ಆಯಿ, ನೀ ಇನ್ನೂ..." ಎಂದು ನಾನು ಬಾಯಿ ತೆರೆದೆ. ಆಯಿ ಆ ಬಾಯಿಗೆ ಅರ್ಧ ಹೋಳಿಗೆ ತುರುಕಿದಳು. "ಇದಕ್ಕ ಮಾತ ಭಾಳ," ಎಂದಾಗ ಎಲ್ಲರೂ ನಕ್ಕರು.

ಅವರು ಹೊರಟಾಗ ಕತ್ತಲಾಗಿತ್ತು. ಮುಸುರೆ ತಿಕ್ಕುತ್ತಿದ್ದ ಆಯಿಯನ್ನು ನಾನು ಬಿಡಲಿಲ್ಲ.

"ಸುಳ್ಳ ಯಾಕ ಹೇಳಿದಿ? ನಿನಗ ಹಸಿವಾಗಿಲ್ಲೇನು?"

"ಹಸಿವ ಖರೇನ ಆಗೇತಿ," ಎಂದು ಆಯಿ ನಕ್ಕಳು. "ಆದರ ನಾ ಉಂಡಿಲ್ಲ ಅಂದಿದ್ರ ಆ ಹುಡುಗಿ ಗಡಬಡಿಸಿ ಎದ್ದಬಿಡ್ತಿದ್ಲು. ಮೊದಲ ಬ್ಯಾಡ ಬ್ಯಾಡ ಅಂತಿದ್ಲು. ಕಡೀಕ ತಾನ ಕೇಳಿ ಹೋಳಿಗಿ ಹಾಕಸ್ಕೊಂಡ್ಲು, ನೋಡಿದಿಲ್ಲೋ?"