ಗೊಜ್ಜಿನ ವಾರಸುದಾರರು

“ಅಪ್ಪ, ತಾತನ್ನ ಅಳಿಸಿಬಿಡ್ಲಾ?” ಗಿರಿಧರ ಕಂಪ್ಯೂಟರಿನಿಂದ ಕತ್ತೆತ್ತದೆ ಕೇಳಿದ.

“ಹೂಂ, ಅಳಿಸು. ಹೋಗಿ ಎಷ್ಟೋ ವರ್ಷ ಆಯ್ತು, ಅವರೇನು ಬೇಜಾರು ಮಾಡ್ಕೊಳಲ್ಲ,” ಎಂದರು ಯೋಗಾನರಸಿಂಹ. ಹೊಳೆನರಸೀಪುರದ ದೇವಸ್ಥಾನವೊಂದರ ಅರ್ಚಕರಾದ ಅವರಿಗೆ ಮಗನ ಕೆಲಸದ ತಲೆಬುಡ ಗೊತ್ತಿರಲಿಲ್ಲ. ಆದರೆ ಬದುಕಿರುವವರ ಹೆಸರು ಅಳಿಸಕೂಡದು, ಅಪಶಕುನ ಎಂದು ಬೆಳಗ್ಗೆಯೇ ಕಟ್ಟಪ್ಪಣೆ ಮಾಡಿದ್ದರು.

ಗಿರಿಧರ ಪುಸ್ತಕ ಬರೆಯುತ್ತಿದ್ದ. ವೆಬ್‌ಸೈಟ್ ಕಟ್ಟುವುದಕ್ಕೆ ಪುಕ್ಕಟೆ ಸಿಗುವ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ತಿದ್ದಬಹುದಾದ ಒಂದು ತಂತ್ರಾಂಶದ ಬಗ್ಗೆ, ಪ್ರೋಗ್ರಾಮ್ ಬರೆಯುವವರಿಗಾಗಿ, ಅದೂ ಕನ್ನಡದಲ್ಲಿ. ಎರಡು ವರ್ಷ ನಿದ್ದೆಗೆಟ್ಟು ಬರೆದದ್ದು. ಉಳಿದಿದ್ದು ಒಂದೇ ಚಿತ್ರ: ವೆಬ್‌ಸೈಟಿನಿಂದ ಒಬ್ಬ ಸದಸ್ಯರನ್ನು ತೆಗೆದುಹಾಕುವಾಗ ಪರದೆ ಹೇಗೆ ಕಾಣುತ್ತದೆ ಎಂಬುದು. ಅದು ಸಂಜೆ ಆರರೊಳಗೆ ಬೆಂಗಳೂರಿನ ಪ್ರಕಾಶಕರಿಗೆ ಮುಟ್ಟದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ ಬೀಳುತ್ತಿತ್ತು. ಅಷ್ಟರಲ್ಲಿ ತಂತ್ರಾಂಶದ ಹೊಸ ಅವತಾರ ಬಂದು ಬರೆದದ್ದೆಲ್ಲ ಹಳಸಿಹೋಗುವುದು ಖಂಡಿತ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಆದರೆ ಆರು ಹೊಡೆದರೆ ಕರೆಂಟೇ ಇರುತ್ತಿರಲಿಲ್ಲ. ಆಗಲೇ ಐದೂವರೆ ಆಗಿತ್ತು.

ಉದಾಹರಣೆಗೆಂದು ಅವನು ಮನೆಯವರದೇ ಒಂದು ವೆಬ್‌ಸೈಟ್ ಕಟ್ಟಿ ಎಲ್ಲರನ್ನೂ ಸದಸ್ಯರನ್ನಾಗಿ ಮಾಡಿದ್ದ. ತಾತನ ಹೆಸರಲ್ಲೂ ಏನಾದರೊಂದು ಬರಹ ಇರಬೇಕಲ್ಲ? ತಾತ ಪುಳಿಯೋಗರೆ ಗೊಜ್ಜಿಗೆ ಹೆಸರುವಾಸಿ. ಸರಿ, ‘ನನ್ನ ಗೊಜ್ಜಿನ ಗುಟ್ಟು’ ಎಂದು ತಲೆಬರಹ ಕೊಟ್ಟು, ಅಡುಗೆಮನೆಯಲ್ಲಿ ಕೈಗೆ ಸಿಕ್ಕ ರೆಡಿಮೇಡ್ ಪುಳಿಯೋಗರೆ ಪುಡಿ ಪ್ಯಾಕೆಟ್ಟಿನ ಬೆನ್ನ ಮೇಲಿದ್ದ ಸಾಮಗ್ರಿಗಳ ಪಟ್ಟಿಯನ್ನು ಹಾಗೇ ಇಳಿಸಿಬಿಟ್ಟಿದ್ದ. ಕೆಡದಿರಲೆಂದು ಹಾಕುವ ರಾಸಾಯನಿಕದ ಹೆಸರನ್ನು ಬಿಡುವಷ್ಟು ಬುದ್ಧಿ ಇತ್ತು, ಪುಣ್ಯಕ್ಕೆ. ಸ್ಕೂಲು, ಮನೆ ಎಂದು ಒದ್ದಾಡುವ ಹೆಂಡತಿ ಹಂಸ ಆ ಪುಡಿಯನ್ನು ತಾತನ ಕಾಲದ ಪಿಂಗಾಣಿ ಜಾಡಿಗೆ ಸುರಿದಿಡುತ್ತಿದ್ದುದು ಅವನೊಬ್ಬನಿಗೇ ಗೊತ್ತು. ಅಪ್ಪ ಅದನ್ನೇ ಚಪ್ಪರಿಸಿ, ‘ಮನೆತನದ ಕೈರುಚಿ’ ಎಂದು ಎದೆಯುಬ್ಬಿಸುತ್ತಿದ್ದರು.

ಗಿರಿಧರ ಗುಂಡಿ ಒತ್ತಿದ. ‘ಈ ಸದಸ್ಯರು ಬರೆದದ್ದನ್ನು ಏನು ಮಾಡಬೇಕು? ಎಲ್ಲ ಅಳಿಸಲೇ, ಬೇರೊಬ್ಬರಿಗೆ ಒಪ್ಪಿಸಲೇ?’ ಎಂದಿತು ಪರದೆ. ಪಕ್ಕದಲ್ಲೇ ತಾತನ ಹೆಸರಿನ ‘ನನ್ನ ಗೊಜ್ಜಿನ ಗುಟ್ಟು’ ಬರಹವೂ ತೆರೆದಿತ್ತು. ಚನ್ನರಾಯಪಟ್ಟಣದಿಂದ ಅಣ್ಣನ ಮನೆಗೆ ಬಂದಿದ್ದ ಸೋದರತ್ತೆ ಶ್ರೀರಂಗಮ್ಮ ಕನ್ನಡಕ ಏರಿಸಿ ಅದನ್ನು ಜೋರಾಗಿ ಓದಿದರು.

“ಒಪ್ಪಿಸೋದು ಅಂದ್ರೆ, ಯಾರಿಗೋ?”

“ಯಾರಿಗಾದ್ರೂ ಸರಿ ಅತ್ತೆ. ಅಪ್ಪನ ಹೆಸರು ಹಾಕ್ತೀನಿ.”

“ಯಾಕೆ ಹಾಕ್ತೀಯ? ಗೊಜ್ಜು ಹೇಳಿಕೊಟ್ಟಿದ್ದು ನಂಗೆ. ನಿಮ್ಮಪ್ಪನಿಗೆ ಗೊತ್ತಿದ್ದಿದ್ದು ತಿನ್ನೋದೊಂದೇ.”

ಯೋಗಾನರಸಿಂಹ ಕುರ್ಚಿಯಿಂದ ಎದ್ದೇ ಬಂದರು. “ಏನೇ ರಂಗ, ಒಲೆ ಮುಂದೆ ಕೈ ಸುಟ್ಕೊಂಡೋನು ನಾನು. ಇಲ್ಲಿ ಓದು. ಎಳ್ಳಿನ ಬೆನ್ನಿಗೆ ಮೆಂತ್ಯ. ಈ ವರಸೆ ನಮ್ಮಪ್ಪನ್ನ ಬಿಟ್ಟು ಲೋಕದಲ್ಲಿ ಇನ್ಯಾರಿಗೂ ಬರಲ್ಲ.”

“ಇದು ಸುಮ್ನೆ ಉದಾಹರಣೆ ಕಣಪ್ಪ,” ಎಂದ ಗಿರಿಧರ, ಗಡಿಯಾರ ನೋಡುತ್ತ.

“ಅಚ್ಚಾಗತ್ತೋ ಇಲ್ವೋ?” ಅತ್ತೆ ಕೇಳಿದರು.

“ಆಗತ್ತೆ.”

“ಅಚ್ಚಾದ್ಮೇಲೆ ಎಂಥ ಉದಾಹರಣೆ? ನಾಳೆ ಅರಕಲಗೂಡಿನ ನೆಂಟರೆಲ್ಲ ತೆಗೆದು ನೋಡ್ತಾರೆ.”

ಅರಕಲಗೂಡಿನ ನೆಂಟರು ಆ ಪುಸ್ತಕ ತೆಗೆದು ನೋಡಿಯಾರು ಎಂಬ ಆಸೆ ಪ್ರಕಾಶಕರಿಗೂ ಇರಲಿಲ್ಲ. ಆದರೆ ಅದನ್ನು ಹೇಳುವ ಸಮಯವೇ ಅದು? ಅಣ್ಣ ತಂಗಿ ಚಿಕ್ಕಂದಿನ ಜಗಳಗಳನ್ನೆಲ್ಲ ಅಟ್ಟದಿಂದ ಇಳಿಸಿಕೊಂಡು ಕೂತಿದ್ದರು. ನಿಜ ಹೇಳಿಬಿಡೋಣ ಎಂದು ಗಿರಿಧರ ಬಾಯಿ ತೆರೆದ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹಂಸ ಕಣ್ಣಲ್ಲೇ ಗದರಿದಳು. ಅವನು ಬಾಯಿ ಮುಚ್ಚಿದ. ಆರಕ್ಕೆ ಇನ್ನೇನು ಐದು ನಿಮಿಷ.

“ನಿಮ್ಮ ಕಾಲು ಹಿಡೀತೀನಿ, ಏನಾದ್ರೂ ಒಂದು ಹೇಳಿ. ನನ್ನ ಎರಡು ವರ್ಷ ನೀರಲ್ಲಿ ಹೋಗತ್ತೆ,” ಎಂದ.

“ಇವನ ಪಾಲಾಗೋ ಬದಲು ಅಳಿಸೇ ಹಾಕು,” ಎಂದರು ಅತ್ತೆ.

“ಅಳಿಸೋ. ಇವಳಿಗಂತೂ ಬೇಡ,” ಎಂದರು ಅಪ್ಪ.

ಅಣ್ಣ ತಂಗಿ ಒಂದೇ ಮಾತಿಗೆ ಬಂದದ್ದನ್ನು ಗಿರಿಧರ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ‘ಎಲ್ಲ ಅಳಿಸು’ ಎಂಬುದನ್ನು ಆರಿಸಿ ಪರದೆಯ ಚಿತ್ರ ಹಿಡಿದ. ಬರೀ ಚಿತ್ರ ಸಾಲದೆಂದು ಅತ್ತೆ ನಿಂತು ‘ಖಚಿತ’ ಎಂಬ ಗುಂಡಿಯನ್ನೂ ಒತ್ತಿಸಿದರು. ತಾತ ಹೋದರು, ಗೊಜ್ಜೂ ಹೋಯಿತು. ಮೇಲ್ ಹೋಯಿತು. ಹಿಂದೆಯೇ ಕರೆಂಟೂ ಹೋಯಿತು.

ಪುಸ್ತಕ ಉಳಿಯಿತಲ್ಲ ಎಂದು ಗಿರಿಧರನಿಗೆ ಕುಣಿಯುವಷ್ಟು ಖುಷಿ. ಆದರೆ ಮಬ್ಬುಗತ್ತಲಲ್ಲಿ ಯಾರೋ ಮೂಗೆಳೆದುಕೊಂಡ ಸದ್ದಾಯಿತು.

“ಅಣ್ಣ,” ಶ್ರೀರಂಗಮ್ಮನ ದನಿ ಮೆತ್ತಗಾಗಿತ್ತು. “ಮೆಂತ್ಯ ಆದ್ಮೇಲೆ ಕಡೇಲಿ ಇನ್ನೊಂದೇನೋ ಇತ್ತಲ್ಲ, ಏನದು?”

“ನಿಂಗೆ ಗೊತ್ತಿಲ್ವಾ?”

“ನಿಂಗೆ?”

ಇಬ್ಬರೂ ಗಿರಿಧರನ ಕಡೆ ತಿರುಗಿದರು. ಅವನು ತಬ್ಬಿಬ್ಬಾಗಿ ಕೂತ.

ಹಂಸ ದೀಪ ತಂದಳು. “ನಾನು ಓದಿದ್ದೆ ಅತ್ತೆ, ಚೆನ್ನಾಗಿ ನೆನಪಿದೆ. ಇಬ್ಬರಿಗೂ ಬರೆದುಕೊಡ್ತೀನಿ,” ಎಂದಳು. ಇಬ್ಬರ ಮುಖವೂ ಅರಳಿತು. ದೀಪವನ್ನು ಮೇಜಿನ ಮೇಲಿಡುವ ನೆಪದಲ್ಲಿ ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ಪ್ಯಾಕೆಟ್ಟು ಬೆಳಗ್ಗೇನೇ ಕಸಕ್ಕೆ ಹೋಯ್ತು ರೀ. ಅಂಗಡಿ ಮುಚ್ಚೋದ್ರೊಳಗೆ ಇನ್ನೊಂದು ತನ್ನಿ.”