ಅಂಜಿಕೆಯ ಅಳತೆ

ಬಲಗೈ ಮುಂದೆ ಚಾಚಿ, ಅಂಗೈ ಕೆಳಮುಖ ಮಾಡಿ, ಕಣ್ಣಿಗೆ ಕಣ್ಣು ಕೊಡದೆ ಪ್ರೊಫೆಸರು ಅಡುಗೆಮನೆಯಲ್ಲಿ ಹೆಂಡತಿಯತ್ತ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. ಕೊಟ್ಟಿಗೆಯಲ್ಲಿ ಅವರು ಹಸುಗಳ ಅಂಜಿಕೆ ಅಳೆಯುವುದು ಹೀಗೆಯೇ. ಹಸು ಹಿಂದೆ ಸರಿದಾಗ ಕೈಗೂ ಮೂತಿಗೂ ನಡುವೆ ಉಳಿಯುವ ದೂರವೇ ಅಂಜಿಕೆಯ ಅಳತೆ. ಸರಿದ ಮೇಲೆ ಪರೀಕ್ಷಕ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಹೆಂಡತಿಯ ಮುಂದೆಯೂ ಹಾಗೆಯೇ ನಡೆಯುತ್ತಿದ್ದೇನೆಂಬ ಪರಿವೆ ಅವರಿಗಿರಲಿಲ್ಲ.

ಹೆಂಡತಿಗಿತ್ತು. ಆಕೆಯೂ ಗಂಡನ ಕಾಲೇಜಿನಲ್ಲೇ ಹೈನುಗಾರಿಕೆ ಕಲಿಸುವವರು. ಆಕೆ ಬರೆದ ಹೊಸ ಕೊಟ್ಟಿಗೆಯ ನಕ್ಷೆಯನ್ನು ಗಂಡ ಬೆಳಿಗ್ಗೆ ತುಂಬಿದ ಸಭೆಯಲ್ಲಿ ಎತ್ತಿ ಹಿಡಿದು, "ಇದರಲ್ಲಿ ಹಸು ಮಲಗೋದು ಹೋಗ್ಲಿ, ಬಾಲ ಬೀಸೋಕೂ ಜಾಗ ಇಲ್ಲ" ಎಂದು ಎಲ್ಲರನ್ನೂ ನಗಿಸಿದ್ದರು. ಆಗಿನಿಂದ ಆಕೆ ತುಟಿ ಬಿಚ್ಚಿರಲಿಲ್ಲ.

"ತಪ್ಪಾಯ್ತು ಕಣೇ," ಎಂದರು ಪ್ರೊಫೆಸರು. "ಜಾಗ ಸಾಲಲ್ಲ ಅನ್ನೋದನ್ನ ಮನೇಲೇ ಹೇಳ್ಬೇಕಿತ್ತು." ಕ್ಷಮೆ ಕೇಳುವಾಗಲೂ ವಾದ ಬಿಡುವ ಜಾಯಮಾನ ಅವರದಲ್ಲ.

ಕೈ ಇನ್ನೇನು ಭುಜ ಮುಟ್ಟಬೇಕು, ಆಕೆ ಬೇಕೆಂದೇ ತುಸು ಹಿಂದೆ ಸರಿದರು. ಸರಿದು, ಗಂಡ ಇನ್ನೊಂದು ಹೆಜ್ಜೆ ಮುಂದೆ ಬರಲೆಂದು ಕಾದರು.

ಪ್ರೊಫೆಸರು ನಿಂತಲ್ಲೇ ನಿಂತರು. ಕೈ ಚಾಚಿಯೇ ಇತ್ತು.

"ಒಂದು ಗೇಣು," ಎಂದು ಆಕೆ ಒಲೆಯತ್ತ ತಿರುಗಿದರು. "ಬರ್ಕೊಳ್ಳಿ."